ಲಾರಿ ಆಯಿಲ್ ಕಾರಿಗೆ ಆಗುತ್ತದೆಯೇ?

ಯಶವಂತಪುರ ಸರ್ಕಲ್ಲಿನಿಂದ ಗೊರಗುಂಟೆಪಾಳ್ಯ ದಾಟಿ ಪೀಣ್ಯದವರೆಗೆ ತುಮಕೂರು ರಸ್ತೆ ಕಾರಿನವರದ್ದಲ್ಲ, ಲಾರಿಯವರದ್ದು. ಎಪಿಎಂಸಿ ಯಾರ್ಡಿಗೆ ಈರುಳ್ಳಿ, ಆಲೂಗಡ್ಡೆ ಹೊತ್ತು ತಂದವು, ಕಾರ್ಖಾನೆಗಳಿಂದ ಸರಕು ತುಂಬಿಕೊಂಡು ಹೊರಟವು, ಲೋಡಿಗೆ ಕಾಯುತ್ತಾ ನಿಂತವು. ಅವುಗಳನ್ನೇ ನಂಬಿಕೊಂಡ ಟೈರ್ ಅಂಗಡಿ, ಲೇತ್, ವೆಲ್ಡಿಂಗ್ ಶಾಪ್. ನಡುನಡುವೆ ಆಯಿಲ್ ಅಂಗಡಿ. ಈ ಆಯಿಲ್ ಅಂಗಡಿಗಳ ಮುಂದೆ ಪೇರಿಸಿಟ್ಟ ಬಕೆಟ್‌ಗಳನ್ನು ನೋಡಿ. ಸರ್ವೋ, ಮ್ಯಾಕ್, ಕ್ಯಾಸ್ಟ್ರಾಲ್, ಗಲ್ಫ್ ಎಂದು ಕಂಪನಿಯ ಹೆಸರು ಬೇರೆಬೇರೆ ಇದ್ದರೂ ಒಳಗಿರುವುದು ಬಹುಪಾಲು ಒಂದೇ ಜಾತಿ: 15ಡಬ್ಲ್ಯು-40, ಡೀಸೆಲ್ ಎಂಜಿನ್ನಿನದು. ಪೆಟ್ರೋಲ್ ಕಾರಿನ ಆಯಿಲ್ ಒಳಗಡೆ ಕಪಾಟಿನಲ್ಲಿ, ಲೀಟರ್ ಡಬ್ಬಿಯಲ್ಲಿರುತ್ತದೆ. ಲೀಟರಿನ ಲೆಕ್ಕ ಹಾಕಿದರೆ ಬೆಲೆಯೂ ಬಕೆಟ್ಟಿನದ್ದಕ್ಕಿಂತ ಎಷ್ಟೋ ಜಾಸ್ತಿ.

ಕಾರಿನವನ ತಲೆಯಲ್ಲಿ ಪ್ರಶ್ನೆ ಹುಟ್ಟುವುದು ಇಲ್ಲೇ. "ಇದನ್ನೇ ಹಾಕಿದ್ರೆ ಆಗಲ್ವೇನ್ರಿ?" ಅಂಗಡಿಯವನ ಉತ್ತರವೂ ಸಿದ್ಧ. "ಲಾರಿಗೇ ತಡೆಯುತ್ತೆ ಅಂದ್ಮೇಲೆ ನಿಮ್ ಕಾರಿಗೆ ತಡೆಯಲ್ವಾ ಸರ್? ಇನ್ನೂ ಗಟ್ಟಿ ಆಯಿಲ್ಲು, ಹಾಕ್ಕೊಳ್ಳಿ." ಅದೇ ಕಾರನ್ನು ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ದು ಇದೇ ಮಾತು ಕೇಳಿದರೆ ಅಲ್ಲಿಯ ಅಡ್ವೈಸರ್, ಸೀಮೆಎಣ್ಣೆ ಹಾಕುತ್ತೇನೆ ಎಂದವನನ್ನು ನೋಡುವ ಹಾಗೆ ನೋಡುತ್ತಾನೆ, ಎಂಜಿನ್ ಹೋಯಿತು, ವಾರಂಟಿ ಹೋಯಿತು ಎನ್ನುತ್ತಾನೆ. ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಎಂಜಿನ್ ವಿಚಾರದಲ್ಲಿ ಅಂಗಡಿಯವನು ಹೆಚ್ಚು ಸರಿ. ಆದರೆ ಎಂಜಿನ್ನಿನ ಆಚೆ, ಹೊಗೆ ಹೊರಗೆ ಹೋಗುವ ದಾರಿಯಲ್ಲಿ ಇನ್ನೊಂದು ಸಾಮಾನಿದೆ, ಅದು ಅವನ ಲೆಕ್ಕದಲ್ಲೇ ಇಲ್ಲ.

ಉತ್ತರ ಬೆಂಗಳೂರಿನಲ್ಲಿ ಈ ಪ್ರಶ್ನೆ ಈಚೆಗೆ ಹೆಚ್ಚು ಕೇಳಿಬರುವುದಕ್ಕೆ ಕಾರಣವೂ ಇದೆ. ದೇವನಹಳ್ಳಿಯ ವಿಮಾನ ನಿಲ್ದಾಣ 2008ರ ಮೇ 24ರಂದು ಶುರುವಾದ ಮೇಲೆ ಹೆಬ್ಬಾಳ, ಯಲಹಂಕದ ಬಳ್ಳಾರಿ ರಸ್ತೆ ಟ್ಯಾಕ್ಸಿಗಳ ರಸ್ತೆಯಾಯಿತು. ಹತ್ತು ಹನ್ನೆರಡು ವರ್ಷ ಅಲ್ಲಿ ಓಡಿದ್ದು ಹೆಚ್ಚಾಗಿ ಡೀಸೆಲ್ ಕಾರುಗಳೇ. ಎಟಿಯೋಸ್, ಸ್ವಿಫ್ಟ್ ಡಿಸೈರ್, ಅದಕ್ಕೂ ಹಿಂದೆ ಇಂಡಿಕಾ. 2020ರ ಏಪ್ರಿಲ್ 1ರಿಂದ ಹೊಗೆಯ ಮಾಲಿನ್ಯಕ್ಕೆ ಮಿತಿ ಹಾಕುವ ಬಿಎಸ್-6 ನಿಯಮ ಬಂತು. ಮಾರುತಿ ಡೀಸೆಲ್ ಕಾರು ಮಾಡುವುದನ್ನೇ ನಿಲ್ಲಿಸಿತು, ಟೊಯೊಟಾ ಎಟಿಯೋಸನ್ನು ಕೈಬಿಟ್ಟಿತು. ಹೊಸ ಹಳದಿ ಬೋರ್ಡುಗಳು ಸಿಎನ್‌ಜಿಗೆ, ಪೆಟ್ರೋಲಿಗೆ ತಿರುಗಿದವು. ಗಾಡಿ ಬದಲಾದರೂ ಗ್ಯಾರೇಜ್ ಬದಲಾಗಲಿಲ್ಲ, ಮೂಲೆಯಲ್ಲಿದ್ದ ಬಕೆಟ್ಟೂ ಬದಲಾಗಲಿಲ್ಲ. ಡೀಸೆಲ್ ಡಿಸೈರ್‌ಗೆ ಹಾಕುತ್ತಿದ್ದದ್ದನ್ನೇ ಸಿಎನ್‌ಜಿ ಡಿಸೈರ್‌ಗೂ ಸುರಿಯುವುದು ಹೀಗೆ ರೂಢಿಗೆ ಬರುತ್ತದೆ. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ಹಳ್ಳಿಮನೆಗಳಲ್ಲಂತೂ ಟ್ರ್ಯಾಕ್ಟರಿಗೆ ತಂದ ಬಕೆಟ್ಟಿನಲ್ಲಿ ಮಿಕ್ಕಿದ್ದು ಮನೆಯ ಕಾರಿಗೆ ಹೋಗುವುದು ಹೊಸತೇನಲ್ಲ.

ಡಬ್ಬಿಯ ಮುಂಭಾಗದಲ್ಲಿ ಏನು ಬೇಕಾದರೂ ಬರೆದಿರಲಿ, ಟರ್ಬೊ, ಪವರ್, ಗೋಲ್ಡ್, ಅದು ಜಾಹೀರಾತು. ಓದಬೇಕಾದ್ದು ಹಿಂಭಾಗ. ಅಲ್ಲಿ ಎರಡು ಸಂಗತಿಗಳಿರುತ್ತವೆ. ಒಂದು, ಆಯಿಲ್ ಎಷ್ಟು ಮಂದ ಎಂದು ಹೇಳುವ ಅಂಕಿ: 15ಡಬ್ಲ್ಯು-40, 5ಡಬ್ಲ್ಯು-30, 0ಡಬ್ಲ್ಯು-20. ಇನ್ನೊಂದು, ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್, ಅಂದರೆ ಎಪಿಐ ಕೊಡುವ ದರ್ಜೆಯ ಅಕ್ಷರಗಳು. ಎಸ್ ಅಕ್ಷರದಿಂದ ಶುರುವಾದರೆ ಪೆಟ್ರೋಲ್ ಎಂಜಿನ್ನಿಗೆ, ಸಿ ಅಕ್ಷರದಿಂದಾದರೆ ಡೀಸೆಲ್ಲಿಗೆ. ಎರಡನೆಯ ಅಕ್ಷರ ಮುಂದುಮುಂದಕ್ಕೆ ಹೋದಷ್ಟೂ ದರ್ಜೆ ಹೊಸದು. ಪೆಟ್ರೋಲಿನಲ್ಲಿ ಎಸ್‌ಎಲ್ 2001ರದ್ದು, ಎಸ್‌ಎಂ 2004ರದ್ದು, ಎಸ್‌ಎನ್ 2010ರದ್ದು, ಎಸ್‌ಪಿ 2020ರದ್ದು. ಡೀಸೆಲ್ಲಿನಲ್ಲಿ ಸಿಎಚ್-4 1998ರಲ್ಲಿ, ಸಿಐ-4 2002ರಲ್ಲಿ, ಸಿಜೆ-4 2006ರಲ್ಲಿ, ಸಿಕೆ-4 2016ರ ಕೊನೆಯಲ್ಲಿ ಬಂದವು. ಕೊನೆಯ 4 ಎಂದರೆ ನಾಲ್ಕು ಸ್ಟ್ರೋಕಿನ ಎಂಜಿನ್.

ತಮಾಷೆಯೆಂದರೆ, ಎಷ್ಟೋ ಡೀಸೆಲ್ ಬಕೆಟ್‌ಗಳ ಹಿಂದೆ ಎರಡೂ ದರ್ಜೆ ಇರುತ್ತವೆ: ಸಿಐ-4/ಎಸ್‌ಎಲ್ ಎಂದೋ, ಸಿಎಚ್-4/ಎಸ್‌ಜೆ ಎಂದೋ. ಅಂದರೆ ಆ ಆಯಿಲ್ ಪೆಟ್ರೋಲ್ ಎಂಜಿನ್ನಿನ ಪರೀಕ್ಷೆಯನ್ನೂ ಪಾಸು ಮಾಡಿದೆ ಎಂದು ತಯಾರಕನೇ ಹೇಳುತ್ತಿದ್ದಾನೆ. ಯಾವುದನ್ನು ಮೊದಲು ಬರೆದಿದ್ದಾರೋ ಆ ಎಂಜಿನ್ನನ್ನು ಮನಸ್ಸಿನಲ್ಲಿಟ್ಟುಕೊಂಡು ಅದನ್ನು ಕುದುರಿಸಿದ್ದಾರೆ ಎಂದು ಓದಿಕೊಳ್ಳಬೇಕು. ಹಾಗಾಗಿ "ಡೀಸೆಲ್ ಆಯಿಲ್ ಪೆಟ್ರೋಲ್ ಎಂಜಿನ್ನಿಗೆ ವಿಷ" ಎನ್ನುವ ಮಾತಿಗೆ ಆಧಾರವಿಲ್ಲ. ಅಮೆರಿಕದಲ್ಲಿ ಲಾರಿಗೆಂದು ಮಾರುವ ಆಯಿಲನ್ನು ಪೆಟ್ರೋಲ್ ಪಿಕಪ್ಪಿಗೆ, ಬೈಕಿಗೆ ಹಾಕಿಕೊಂಡು ಲಕ್ಷಾಂತರ ಕಿಲೋಮೀಟರ್ ಓಡಿಸಿದವರಿದ್ದಾರೆ. ನಮ್ಮ ಬುಲೆಟ್ ಸವಾರರಲ್ಲೂ ಕೆಲವರಿಗೆ ಈ ಚಟವಿದೆ. ಕಾರಿನ ತೆಳು ಆಯಿಲ್‌ನಲ್ಲಿ ಘರ್ಷಣೆ ಇಳಿಸಲೆಂದು ಬೆರೆಸುವ ಜಾರು ಪದಾರ್ಥ ಲಾರಿ ಆಯಿಲ್‌ನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಆದ್ದರಿಂದ ಆಯಿಲ್‌ನಲ್ಲೇ ಮುಳುಗಿರುವ ಬೈಕಿನ ಕ್ಲಚ್ ಜಾರುವುದಿಲ್ಲ ಎಂಬುದು ಅವರ ವಾದ. ಅದರಲ್ಲಿ ಹುರುಳಿದೆ.

ಹಾಗಾದರೆ ಡೀಸೆಲ್ ಆಯಿಲ್‌ನಲ್ಲಿ ವಿಶೇಷವೇನು? ಡೀಸೆಲ್ ಉರಿದಾಗ ಮಸಿ ಹೆಚ್ಚು. ಈ ಮಸಿ ಪಿಸ್ಟನ್ ರಿಂಗುಗಳನ್ನು ದಾಟಿ ಕೆಳಗಿಳಿದು ಆಯಿಲ್ ಸೇರುತ್ತದೆ. ಅಲ್ಲಿ ಕಣಗಳು ಒಂದಕ್ಕೊಂದು ಅಂಟಿಕೊಂಡು ಗಂಟುಕಟ್ಟಿದರೆ ಆಯಿಲ್ ಗೊಜ್ಜಿನಂತಾಗಿ, ಬೇರಿಂಗ್ ಸವೆಯುತ್ತದೆ. ಅದಕ್ಕೇ ಲಾರಿ ಆಯಿಲ್‌ನಲ್ಲಿ ಮಸಿಯನ್ನು ಬಿಡಿಬಿಡಿಯಾಗಿ ತೇಲಿಸಿಡುವ ರಾಸಾಯನಿಕ ಧಾರಾಳವಾಗಿರುತ್ತದೆ. ಇನ್ನೊಂದು, ಇಂಧನದಲ್ಲಿದ್ದ ಗಂಧಕ ಉರಿದು ಆಮ್ಲವಾಗುತ್ತದೆ. ಅದನ್ನು ತಟಸ್ಥಗೊಳಿಸಲು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳ ರೂಪದಲ್ಲಿ ಕ್ಷಾರ ಬೆರೆಸುತ್ತಾರೆ. ಆ ಕ್ಷಾರದ ಅಳತೆಗೆ ಟಿಬಿಎನ್ ಎನ್ನುತ್ತಾರೆ. ಪೆಟ್ರೋಲ್ ಕಾರಿನ ಆಯಿಲ್‌ನಲ್ಲಿ ಅದು ಸಾಧಾರಣವಾಗಿ 6ರಿಂದ 8, ಲಾರಿಯದರಲ್ಲಿ 10ರ ಆಸುಪಾಸು. ಗಂಧಕ ತುಂಬಿದ ಇಂಧನ ಸುಡುವ ದೊಡ್ಡ ಹಡಗುಗಳ ಸಿಲಿಂಡರ್ ಆಯಿಲ್‌ನಲ್ಲಿ 70ನ್ನೂ ಮೀರುತ್ತದೆ. ಇಂಧನ ಎಷ್ಟು ಕೊಳಕೋ ಆಯಿಲ್ ಅಷ್ಟು ಕ್ಷಾರ, ಇಷ್ಟೇ ಸೂತ್ರ.

ನಮ್ಮ ಬಂಕಿನ ಇಂಧನ ಈಗ ಕೊಳಕಾಗಿಲ್ಲ. ಬಿಎಸ್-3 ಕಾಲದ ಡೀಸೆಲ್‌ನಲ್ಲಿ ಗಂಧಕ ಹತ್ತು ಲಕ್ಷಕ್ಕೆ 350 ಪಾಲಿನವರೆಗೆ ಇರಬಹುದಿತ್ತು. 2010ರ ಏಪ್ರಿಲ್‌ನಲ್ಲಿ ದೇಶದ 13 ನಗರಗಳಿಗೆ ಬಿಎಸ್-4 ಬಂದಾಗ ಬೆಂಗಳೂರೂ ಆ ಪಟ್ಟಿಯಲ್ಲಿತ್ತು, ಮಿತಿ 50ಕ್ಕಿಳಿಯಿತು. 2020ರಿಂದ ಪೆಟ್ರೋಲಿಗೂ ಡೀಸೆಲ್ಲಿಗೂ 10. ಅಂದಮೇಲೆ ಪೆಟ್ರೋಲ್ ಕಾರಿಗೆ ಲಾರಿ ಆಯಿಲ್‌ನ ಹೆಚ್ಚುವರಿ ಕ್ಷಾರದಿಂದ ದೊಡ್ಡ ಕೇಡೂ ಇಲ್ಲ, ದೊಡ್ಡ ಉಪಕಾರವೂ ಇಲ್ಲ. ಮಾಡುವ ಕೆಲಸವೇ ಇಲ್ಲದ ಔಷಧಿಗೆ ಯಾರೂ ದುಡ್ಡು ಕೊಡಬೇಕಾಗಿಲ್ಲ. ಆದರೆ ಇಲ್ಲಿ ಅದು ಅಗ್ಗವಾಗಿಯೇ ಸಿಗುತ್ತಿದೆ, ವಿಚಿತ್ರ ಅದು. ಅಗ್ಗಕ್ಕೆ ಕಾರಣ ಇಷ್ಟೇ: ಲಾರಿ ಆಯಿಲ್ ಹೆಚ್ಚಾಗಿ ಮಿನರಲ್ ಆಯಿಲ್, ಮಾರಾಟ ಬಕೆಟ್, ಬ್ಯಾರಲ್ ಲೆಕ್ಕದಲ್ಲಿ, ಹೊಸ ಕಾರಿನ 0ಡಬ್ಲ್ಯು-20 ಸಿಂಥೆಟಿಕ್, ಮಾರಾಟ ಚಿಕ್ಕ ಡಬ್ಬಿಯಲ್ಲಿ.

ಈಗ ಅಂಕಿಗೆ ಬರೋಣ. ನನ್ನ ಮಟ್ಟಿಗೆ ಅಕ್ಷರಕ್ಕಿಂತ ಅಂಕಿ ಮುಖ್ಯ, ಯಾಕೆಂದರೆ ಜನ ಎಡವುವುದು ಅಲ್ಲಿ. 15ಡಬ್ಲ್ಯು-40ರಲ್ಲಿ ಡಬ್ಲ್ಯು ಪಕ್ಕದ 15 ಚಳಿಗೆ ಸಂಬಂಧಿಸಿದ್ದು. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿಯಲ್ಲೂ ಎಂಜಿನ್ ತಿರುಗುವಷ್ಟು ಆಯಿಲ್ ಸಡಿಲವಾಗಿರುತ್ತದೆ ಎಂಬುದು ಅದರ ಅರ್ಥ. ಬೆಂಗಳೂರಿನ ದಾಖಲೆಯ ಚಳಿ 1884ರ ಜನವರಿ 13ರದ್ದು, 7.8 ಡಿಗ್ರಿ ಸೆಲ್ಸಿಯಸ್. ಯಲಹಂಕದ ಮಂಜು ಎಷ್ಟೇ ದಟ್ಟವಾಗಿರಲಿ, ಆ ಮೊದಲ ಅಂಕಿ ನಮ್ಮನ್ನು ಕಾಡುವುದಿಲ್ಲ. ಕಾಡುವುದು ಎರಡನೆಯದು. ಎಂಜಿನ್ ಬಿಸಿಯಾಗಿ 100 ಡಿಗ್ರಿ ತಲುಪಿದಾಗ ಆಯಿಲ್ ಎಷ್ಟು ಮಂದವಾಗಿರುತ್ತದೆ ಎಂದು ಅದು ಹೇಳುತ್ತದೆ. 20 ಎಂದಿದ್ದರೆ ಮಂದತೆ 6.9ರಿಂದ 9.3 ಸೆಂಟಿಸ್ಟೋಕ್, 40 ಎಂದಿದ್ದರೆ 12.5ರಿಂದ 16.3. ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟು ಮಂದ.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮೊದಮೊದಲ ಮಾರುತಿ 800ರ ಕಾಲದಲ್ಲಿ ಕಾರಿಗೂ 20ಡಬ್ಲ್ಯು-40ರಂಥ ಮಂದ ಆಯಿಲೇ ರೂಢಿ. ಆಗ ಲಾರಿ ಆಯಿಲ್‌ಗೂ ಕಾರಿನದ್ದಕ್ಕೂ ಅಂಕಿಯಲ್ಲಿ ಅಂತರವೇ ಇರಲಿಲ್ಲ. "ಏನೂ ಆಗಲ್ಲ ಸರ್" ಎಂಬ ಗ್ಯಾರೇಜ್ ಜ್ಞಾನ ಹುಟ್ಟಿದ್ದು ಆ ಎಂಜಿನ್‌ಗಳ ಮೇಲೆ ಕೈ ಪಳಗಿಸಿಕೊಂಡವರಿಂದ, ಆ ಎಂಜಿನ್‌ಗಳಿಗೆ ಅದು ಸರಿಯಾಗಿಯೂ ಇತ್ತು. ಇಂದಿನ ಎಂಜಿನ್ ಬೇರೆ. ವಾಲ್ವ್ ತೆರೆಯುವ ಹೊತ್ತನ್ನು ವೇಗಕ್ಕೆ ತಕ್ಕಂತೆ ಹಿಂದೆಮುಂದೆ ಮಾಡುವ ಯಂತ್ರ ಅದರಲ್ಲಿದೆ, ಮತ್ತು ಆ ಯಂತ್ರ ನಡೆಯುವುದು ಆಯಿಲ್ ಒತ್ತಡದಿಂದ. ಸೂಜಿಯಂಥ ತೂತುಗಳ ಮೂಲಕ, ಚಿಕ್ಕ ಜಾಲರಿಗಳ ಮೂಲಕ ಆಯಿಲ್ ಕ್ಷಣಾರ್ಧದಲ್ಲಿ ಹೋಗಿಬರಬೇಕು. ಟೈಮಿಂಗ್ ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್‌ಗೂ ಎಷ್ಟೋ ಕಾರುಗಳಲ್ಲಿ ಆಯಿಲ್ ಒತ್ತಡವೇ ಆಧಾರ. 20ರ ಜಾಗದಲ್ಲಿ 40 ಸುರಿದರೆ ಇವೆಲ್ಲ ಕೆಡುವುದಿಲ್ಲ, ತಡವರಿಸುತ್ತವೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಆಯಿಲ್ ಮೇಲಿನ ಕ್ಯಾಮ್‌ಶಾಫ್ಟಿನವರೆಗೆ ಏರುವುದು ನಿಧಾನ. ಪಿಕಪ್ ಸ್ವಲ್ಪ ಮಂಕು. ಮೈಲೇಜಿನಲ್ಲಿ ನೂರಕ್ಕೆ ಒಂದೆರಡು ಪಾಲು ನಷ್ಟ. ತಿಂಗಳಿಗೆ ಸಾವಿರಾರು ಕಿಲೋಮೀಟರ್ ಓಡಿಸುವ ಟ್ಯಾಕ್ಸಿಯವರು ಆಯಿಲ್‌ನಲ್ಲಿ ಉಳಿಸಿದ್ದನ್ನು ಬಂಕಿನಲ್ಲಿ ಕಳೆದುಕೊಳ್ಳುತ್ತಾರೆ, ಲೆಕ್ಕ ಹಾಕಿ ನೋಡಲಿ.

ಸರ್ವಿಸ್ ಸೆಂಟರಿನ ಅಡ್ವೈಸರ್ ಹೇಳುವಷ್ಟು ಭಯವೂ ಬೇಕಿಲ್ಲ. ಎಷ್ಟೋ ಕಾರುಗಳ ಕೈಪಿಡಿಯಲ್ಲಿ ಹವಾಮಾನಕ್ಕೆ ತಕ್ಕಂತೆ ಒಂದಕ್ಕಿಂತ ಹೆಚ್ಚು ಮಂದತೆಯ ಆಯಿಲ್‌ಗಳನ್ನು ಒಪ್ಪಿದ ಪಟ್ಟಿ ಇರುತ್ತದೆ. ಬಿಸಿ ಊರುಗಳಿಗೆ ಮಂದ ಆಯಿಲ್ ನಡೆಯುತ್ತದೆ ಎಂದು ತಯಾರಕರೇ ಬರೆದಿರುತ್ತಾರೆ. ಮಂದ ಆಯಿಲ್ ಹಾಕಿದ್ದಕ್ಕೇ ಎಂಜಿನ್ ಸೀಜ್ ಆಗುವುದಿಲ್ಲ.

ಲಾರಿ ಆಯಿಲ್ ನಿಜವಾಗಿ ಪೆಟ್ಟು ಕೊಡುವುದು ಎಂಜಿನ್ ಮುಗಿದ ಮೇಲೆ, ಸೈಲೆನ್ಸರ್ ಪೈಪಿನ ಶುರುವಿನಲ್ಲಿ ಕೂತಿರುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ. ಜೇನುಗೂಡಿನಂತೆ ಸಣ್ಣ ಕೊಳವೆಗಳಿರುವ ಪಿಂಗಾಣಿಯ ಇಟ್ಟಿಗೆ ಅದು. ಅದರ ಮೈಗೆ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಲೇಪಿಸಿರುತ್ತಾರೆ. ಮೂರೂ ಬಲು ದುಬಾರಿ ಲೋಹಗಳು. ಕಾರ್ಬನ್ ಮಾನಾಕ್ಸೈಡ್, ಉರಿಯದ ಪೆಟ್ರೋಲ್, ನೈಟ್ರೋಜನ್ ಆಕ್ಸೈಡ್‌ಗಳು ಅದರ ಮೇಲೆ ಹಾದುಹೋಗುವಾಗ ನಿರುಪದ್ರವಿ ಅನಿಲಗಳಾಗುತ್ತವೆ. ಭಾರತದಲ್ಲಿ ಇದು ಕಡ್ಡಾಯವಾದದ್ದು ಮೊದಲು 1995ರಲ್ಲಿ, ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ. ಪೆಟ್ರೋಲ್‌ನಲ್ಲಿದ್ದ ಸೀಸ ಈ ಲೇಪವನ್ನು ಕೊಲ್ಲುತ್ತಿತ್ತು. 2000ದ ಫೆಬ್ರುವರಿಯಿಂದ ದೇಶಾದ್ಯಂತ ಸೀಸವಿಲ್ಲದ ಪೆಟ್ರೋಲೇ ಮಾರಾಟವಾಗತೊಡಗಿತು. ಸೀಸ ಹೋಯಿತು, ಇನ್ನೊಬ್ಬ ಶತ್ರು ಉಳಿದ. ಅದು ರಂಜಕ, ಬರುವುದು ಆಯಿಲ್‌ನಿಂದ.

ರಂಜಕ ಆಯಿಲ್‌ನಲ್ಲಿ ಯಾಕಿದೆ? ಸವೆತ ತಡೆಯಲು. ಜಡ್‌ಡಿಡಿಪಿ ಎಂಬ ಸತು ಮತ್ತು ರಂಜಕದ ಸಂಯುಕ್ತವೊಂದು ಲೋಹ ಲೋಹ ತಾಗುವ ಕಡೆಯಲ್ಲಿ ತೆಳುವಾದ ಗಾಜಿನಂಥ ಪೊರೆ ಕಟ್ಟಿ ಕ್ಯಾಮ್, ಟ್ಯಾಪೆಟ್ಟುಗಳನ್ನು ಕಾಪಾಡುತ್ತದೆ. ಅರ್ಧ ಶತಮಾನಕ್ಕೂ ಮಿಕ್ಕಿ ಬಳಕೆಯಲ್ಲಿರುವ ಇದಕ್ಕೆ ಸರಿಸಾಟಿಯಾದ ಅಗ್ಗದ ಪದಾರ್ಥ ಇನ್ನೂ ಸಿಕ್ಕಿಲ್ಲ. ಆದರೆ ಸಿಲಿಂಡರಿನಲ್ಲಿ ಒಂದಿಷ್ಟು ಆಯಿಲ್ ಸದಾ ಸುಡುತ್ತಿರುತ್ತದೆ. ಅದರ ರಂಜಕ ಹೊಗೆಯ ಜೊತೆ ಹೋಗಿ ಕನ್ವರ್ಟರಿನ ಲೇಪದ ಮೇಲೆ ಕೂರುತ್ತದೆ. ಕೂತದ್ದು ಏಳುವುದಿಲ್ಲ. ಅದಕ್ಕಾಗಿ ಪೆಟ್ರೋಲ್ ಕಾರಿನ ತೆಳು ಆಯಿಲ್‌ಗಳಿಗೆ, ಅಂದರೆ 20, 30ರ ದರ್ಜೆಯವಕ್ಕೆ, ರಂಜಕ ಶೇಕಡಾ 0.08 ಮೀರಬಾರದು ಎಂಬ ಮಿತಿ ಹಾಕಿದ್ದಾರೆ. ಸಿಜೆ-4, ಸಿಕೆ-4 ಲಾರಿ ಆಯಿಲ್‌ಗೆ ಮಿತಿ 0.12. ನಮ್ಮ ಅಂಗಡಿಗಳಲ್ಲಿ ಇನ್ನೂ ಸಲೀಸಾಗಿ ಸಿಗುವ ಸಿಐ-4ಕ್ಕೆ ಅಂಥ ಮಿತಿಯೇ ಇಲ್ಲ.

ಇದನ್ನು ಕೂಡಿಸಿ ಕಳೆದು ನೋಡಿದರೆ ಸ್ವಾರಸ್ಯವಾದ ಸಂಗತಿಯೊಂದು ಹೊರಬೀಳುತ್ತದೆ. ಒಂದು ಲೀಟರ್ ಆಯಿಲ್ ಸುಮಾರು 870 ಗ್ರಾಂ ತೂಗುತ್ತದೆ. ಅದರಲ್ಲಿ ರಂಜಕ ಕಾರಿನ ಆಯಿಲ್‌ನಲ್ಲಾದರೆ 0.7 ಗ್ರಾಂ, ಲಾರಿ ಆಯಿಲ್‌ನಲ್ಲಾದರೆ 1 ಗ್ರಾಂ ಚಿಲ್ಲರೆ. ಚೆನ್ನಾಗಿರುವ ಎಂಜಿನ್ 10,000 ಕಿಲೋಮೀಟರಿಗೆ ಒಂದು ಲೀಟರ್ ಸುಟ್ಟಿತು ಎನ್ನಿ. ಎರಡು ಆಯಿಲ್‌ಗಳ ನಡುವಿನ ವ್ಯತ್ಯಾಸ ಗ್ರಾಮಿನ ಮೂರನೆಯ ಒಂದು ಪಾಲು. ರಿಂಗ್ ಸವೆದು 1,000 ಕಿಲೋಮೀಟರಿಗೇ ಲೀಟರ್ ಕುಡಿಯುವ ಎಂಜಿನ್ನಾದರೆ, ಕಂಪನಿ ಹೇಳಿದ ಆಯಿಲನ್ನೇ ಹಾಕಿದರೂ 10,000 ಕಿಲೋಮೀಟರಿಗೆ ಕನ್ವರ್ಟರಿನತ್ತ 7 ಗ್ರಾಂ ರಂಜಕ ಹೋಗುತ್ತದೆ; ಲಾರಿ ಆಯಿಲ್ ಹಾಕಿದರೆ 10 ಗ್ರಾಂ ದಾಟುತ್ತದೆ. ಅಂದರೆ ಡಬ್ಬಿಯ ಅಕ್ಷರಕ್ಕಿಂತ ಎಂಜಿನ್ನಿನ ಆರೋಗ್ಯ ದೊಡ್ಡ ಮಾತು. ದುರದೃಷ್ಟ ಏನೆಂದರೆ, ಹೊಗೆ ಕಾರುವ ಮುದಿ ಎಂಜಿನ್ನಿಗೇ ಜನ ಹುಡುಕಿಕೊಂಡು ಹೋಗಿ ಲಾರಿ ಆಯಿಲ್ ಹಾಕುವುದು. "ಮಂದ ಆಯಿಲ್ ಹಾಕಿದ್ರೆ ಕುಡಿಯೋದು ಕಡಿಮೆಯಾಗುತ್ತೆ" ಎಂಬುದು ತಕ್ಕಮಟ್ಟಿಗೆ ನಿಜ, ಆದರೆ ಕುಡಿಯುವುದು ನಿಲ್ಲುವುದಿಲ್ಲ.

ಕನ್ವರ್ಟರ್ ಸೋತದ್ದು ಓಡಿಸುವವರಿಗೆ ಗೊತ್ತಾಗುವುದೂ ಇಲ್ಲ. ಗಾಡಿ ಎಂದಿನಂತೆ ಓಡುತ್ತದೆ. ಒಂದು ದಿನ ಚೆಕ್ ಎಂಜಿನ್ ದೀಪ ಹತ್ತುತ್ತದೆ, ಇಲ್ಲವೇ ಬಂಕಿನ ಪಕ್ಕದ ಎಮಿಷನ್ ಟೆಸ್ಟ್ ಡಬ್ಬಾದಲ್ಲಿ ಅಂಕಿ ಏರುತ್ತದೆ. ಬಿಎಸ್-4 ಮತ್ತು ಅದರ ನಂತರದ ಪೆಟ್ರೋಲ್ ಕಾರುಗಳಿಗೆ ಐಡ್ಲಿಂಗಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇಕಡಾ 0.3ರೊಳಗೆ ಇರಬೇಕು, ಕನ್ವರ್ಟರ್ ಇಲ್ಲದೆ ಅದು ಆಗದ ಮಾತು. ಆಗ ಮೆಕ್ಯಾನಿಕ್ ಹೇಳುವ ಹೊಸ ಕನ್ವರ್ಟರಿನ ಬೆಲೆಯ ಮುಂದೆ ಆಯಿಲ್‌ನಲ್ಲಿ ಉಳಿಸಿದ್ದು ಏನೇನೂ ಅಲ್ಲ. ಕೆಲವರು ಅದನ್ನು ಕಿತ್ತೆಸೆದು ಖಾಲಿ ಪೈಪ್ ಬೆಸೆಸಿಕೊಳ್ಳುತ್ತಾರೆ. ಹೆಬ್ಬಾಳದ ಮೇಲ್ಸೇತುವೆಯಲ್ಲಿ ಅವರ ಹಿಂದೆ ಬೈಕಿನಲ್ಲಿ ನಿಂತವರ ಪಾಡು ಅವರಿಗೆ ಬೇಡ.

ಇನ್ನೊಂದು ಜಾತಿಯ ಕಾರುಗಳಿವೆ, ಅವುಗಳ ವಿಷಯದಲ್ಲಿ ನಾನು ಯಾವ ರಿಯಾಯಿತಿಯನ್ನೂ ಕೊಡಲಾರೆ: ಚಿಕ್ಕ ಟರ್ಬೊ ಪೆಟ್ರೋಲ್ ಎಂಜಿನ್, ಅದರಲ್ಲೂ ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವವು. ಹ್ಯುಂಡೈನ 1.0 ಟರ್ಬೊ ಜಿಡಿಐ, ಸ್ಕೋಡಾ ಮತ್ತು ಫೋಕ್ಸ್‌ವ್ಯಾಗನ್‌ಗಳ 1.0 ಟಿಎಸ್‌ಐ ಈ ಗುಂಪಿನವು. ಕಡಿಮೆ ವೇಗದಲ್ಲಿ ಆಕ್ಸಿಲರೇಟರ್ ಜೋರಾಗಿ ಒತ್ತಿದಾಗ, ಕಿಡಿ ಹಾರುವ ಮೊದಲೇ ಪೆಟ್ರೋಲ್ ತಾನಾಗಿ ಸ್ಫೋಟಿಸುವ ಕಾಯಿಲೆ ಇಂಥ ಎಂಜಿನ್‌ಗಳಿಗಿದೆ. ಎಲ್‌ಎಸ್‌ಪಿಐ ಎಂದು ಅದರ ಹೆಸರು. ಕೆಟ್ಟ ಗಳಿಗೆಯಲ್ಲಿ ಒಂದೇ ಹೊಡೆತಕ್ಕೆ ಪಿಸ್ಟನ್ ಒಡೆಯಬಲ್ಲದು. ಆಯಿಲ್‌ನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದಷ್ಟೂ ಈ ಅಪಾಯ ಹೆಚ್ಚು ಎಂಬುದು ಪರೀಕ್ಷೆಗಳಿಂದ ಗೊತ್ತಾದ ಮೇಲೆ ತಯಾರಕರು ಕ್ಯಾಲ್ಸಿಯಂ ತಗ್ಗಿಸಿ ಮೆಗ್ನೀಸಿಯಂ ಹೆಚ್ಚಿಸಿದರು. 2018ರ ಎಸ್‌ಎನ್ ಪ್ಲಸ್, 2020ರ ಎಸ್‌ಪಿ ದರ್ಜೆಗಳಿಗೆ ಇದರದ್ದೇ ಪ್ರತ್ಯೇಕ ಪರೀಕ್ಷೆ ಇದೆ. ಕ್ಯಾಲ್ಸಿಯಂ ಧಾರಾಳವಾಗಿರುವ ಹಳೆಯ ಸಿಐ-4 ಆಯಿಲ್ ಆ ಪರೀಕ್ಷೆಯನ್ನು ಕಂಡೇ ಇಲ್ಲ.

ಲಾರಿ ಆಯಿಲ್ ಹಾಕಿದವರು ಎರಡು ಗುಣಗಾನ ಮಾಡುತ್ತಾರೆ. ಎಂಜಿನ್ ಸದ್ದು ಇಳಿಯಿತು, ಎಂಜಿನ್ ಒಳಗೆ ತೊಳೆದ ಹಾಗಾಯಿತು. ಸದ್ದು ಇಳಿಯುವುದು ನಿಜ, ಮಂದ ಆಯಿಲ್ ಸಂದುಗಳನ್ನು ತುಂಬಿಕೊಂಡು ಟ್ಯಾಪೆಟ್ಟಿನ ಟಕಟಕವನ್ನು ಮುಚ್ಚುತ್ತದೆ. ಸವೆತ ಅಲ್ಲೇ ಇರುತ್ತದೆ. ಸೆಕೆಂಡ್‌ಹ್ಯಾಂಡ್ ಕಾರು ಮಾರುವವರಲ್ಲಿ ಕೆಲವರಿಗೆ ಈ ವಿದ್ಯೆ ಚೆನ್ನಾಗಿ ಗೊತ್ತು. ಆದ್ದರಿಂದ ಹಳೆ ಕಾರು ಕೊಳ್ಳಲು ಹೋದಾಗ ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ, ಕೊಂಡ ಕೂಡಲೇ ಆಯಿಲ್ ಬದಲಿಸಿ. ತೊಳೆಯುವ ಮಾತು ಅರೆಬರೆ. ಬಕೆಟ್ಟಿನಲ್ಲಿ ಸೋಪಿನ ನೀರು ಕಪ್ಪಾದಷ್ಟೂ ಬಟ್ಟೆಯ ಕೊಳೆ ಬಿಟ್ಟಿದೆ ಎಂದು ತಿಳಿಯುವ ಹಾಗೆ, ಆಯಿಲ್ ಕಪ್ಪಾಗುವುದು ಅದು ಕೆಲಸ ಮಾಡುತ್ತಿರುವುದರ ಗುರುತು. ಆ ಮಟ್ಟಿಗೆ ಸರಿ. ಆದರೆ ಆಯಿಲ್‌ನಲ್ಲಿರುವ ಈ ರಾಸಾಯನಿಕಗಳು ಇರುವುದು ಹೊಸ ಕೊಳೆ ಅಂಟದಂತೆ ನೋಡಿಕೊಳ್ಳಲು. ಹತ್ತು ವರ್ಷ ಗಟ್ಟಿಯಾಗಿ ಕೂತ ಕಿಟ್ಟವನ್ನು ಒಂದು ಸರ್ವಿಸಿನಲ್ಲಿ ಕರಗಿಸಲು ಅವುಗಳಿಂದಾಗದು. ಸ್ವಲ್ಪ ಕಿತ್ತುಬಂದರೂ ಸೀದಾ ಆಯಿಲ್ ಪಂಪಿನ ಜಾಲರಿಗೆ ಹೋಗಿ ಕೂರುವ ಸಂಭವವಿದೆ.

ನಮ್ಮ ಊರಿನ ಎಂಜಿನ್‌ಗಳಿಗೆ ಯಾವ ಆಯಿಲ್ ಎಂಬುದಕ್ಕಿಂತ ಎಷ್ಟು ದಿನಕ್ಕೊಮ್ಮೆ ಎಂಬುದೇ ದೊಡ್ಡ ಪ್ರಶ್ನೆ. ಬೆಂಗಳೂರಿನಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 28 ನಿಮಿಷ ಬೇಕು ಎಂದು ಟಾಮ್‌ಟಾಮ್ ಸಂಸ್ಥೆ 2023ರ ಲೆಕ್ಕ ಕೊಟ್ಟಿತ್ತು. ಆ ವೇಗದಲ್ಲಿ 10,000 ಕಿಲೋಮೀಟರ್ ಎಂದರೆ ಎಂಜಿನ್ 460 ಗಂಟೆಗೂ ಹೆಚ್ಚು ಓಡಿರುತ್ತದೆ. ಬಳ್ಳಾರಿ ರಸ್ತೆಯಲ್ಲಿ ಗಂಟೆಗೆ 60ರಂತೆ ಹೋಗುವ ಕಾರು ಅಷ್ಟೇ ದೂರವನ್ನು 170 ಗಂಟೆಯೊಳಗೆ ಮುಗಿಸುತ್ತದೆ. ಓಡೋಮೀಟರ್ ಎರಡಕ್ಕೂ ಒಂದೇ ಅಂಕಿ ತೋರಿಸುತ್ತದೆ, ಆಯಿಲ್ ಪಟ್ಟ ಪಾಡು ಒಂದೇ ಅಲ್ಲ. ಆರ್.ಟಿ. ನಗರದಿಂದ ಗಂಗಾನಗರದ ಮಾರುಕಟ್ಟೆಗೆ ಹೋಗಿ ಬರುವ ಕಾರಿನದ್ದು ಇನ್ನೊಂದು ಕಷ್ಟ. ಆಯಿಲ್ ಸರಿಯಾಗಿ ಬಿಸಿಯಾಗುವ ಮೊದಲೇ ಮನೆ ಬಂದಿರುತ್ತದೆ, ಉರಿದಾಗ ಹುಟ್ಟಿದ ನೀರಿನಂಶ ಆವಿಯಾಗದೆ ಒಳಗೇ ಉಳಿಯುತ್ತದೆ. ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಈಗ ಎಲ್ಲ ಕಡೆ ಬಂದಿದೆ. ಅದು ಬಿಡುಗಡೆಯಾದದ್ದು ಇದೇ ತುಮಕೂರು ರಸ್ತೆಯ ಮಾದಾವರದ ವಸ್ತುಪ್ರದರ್ಶನ ಕೇಂದ್ರದಲ್ಲಿ, 2023ರ ಫೆಬ್ರುವರಿ 6ರಂದು. ಎಥನಾಲ್ ಉರಿದರೆ ನೀರು ಇನ್ನಷ್ಟು. ಕೈಪಿಡಿಯಲ್ಲಿ "ಕಠಿಣ ಬಳಕೆ" ಎಂಬ ಪುಟ ಇರುತ್ತದೆ: ಕಡಿಮೆ ದೂರದ ಓಡಾಟ, ನಿಂತು ನಿಂತು ಸಾಗುವ ಟ್ರಾಫಿಕ್, ಧೂಳು. ಆ ಪುಟ ಬರೆದವರು ಹೆಬ್ಬಾಳ ನೋಡಿಕೊಂಡೇ ಬರೆದರೇನೋ. ಅಂಥ ಬಳಕೆಗೆ ಆಯಿಲ್ ಬೇಗ ಬದಲಿಸಿ ಎಂದೇ ಅಲ್ಲಿ ಹೇಳಿರುತ್ತದೆ. ಸರಿಯಾದ ಆಯಿಲನ್ನು 15,000 ಕಿಲೋಮೀಟರ್ ಎಳೆದಾಡುವವರಿಗಿಂತ, ಲಾರಿ ಆಯಿಲ್ ಹಾಕಿ 5,000ಕ್ಕೆ ಬದಲಿಸುವವರ ಎಂಜಿನ್ ಚೆನ್ನಾಗಿದ್ದರೆ ಆಶ್ಚರ್ಯವಿಲ್ಲ.

ಉಲ್ಟಾ ಪ್ರಯೋಗ ಮಾತ್ರ ಬೇಡವೇ ಬೇಡ. ಬರೀ ಎಸ್ ದರ್ಜೆಯ ಪೆಟ್ರೋಲ್ ಆಯಿಲನ್ನು ಡೀಸೆಲ್ ಗಾಡಿಗೆ ಹಾಕಿದರೆ ಮಸಿಯ ಭಾರ ತಾಳಲಾರದೆ ಆಯಿಲ್ ಬೇಗ ಕೆಡುತ್ತದೆ, ಇಲ್ಲಿ ಹಾಳಾಗುವುದು ಎಂಜಿನ್ನೇ. ಬಿಎಸ್-6 ಡೀಸೆಲ್ ಕಾರಿನವರೂ ಹಳೆಯ ಬಕೆಟ್ಟಿನಿಂದ ದೂರವಿರಬೇಕು. ಅದರ ಮಸಿ ಸೋಸುವ ಫಿಲ್ಟರ್ ಆಯಿಲ್‌ನ ಬೂದಿಯಿಂದ ಕಟ್ಟಿಕೊಳ್ಳುತ್ತದೆ. ಮಸಿಯನ್ನು ಸುಟ್ಟು ಖಾಲಿ ಮಾಡಬಹುದು, ಬೂದಿಯನ್ನು ಸುಡಲಾಗದು. ಹಾಗಾಗಿ ಅದಕ್ಕೆ ಬೂದಿ ಕಡಿಮೆ ಇರುವ ಆಯಿಲೇ ಬೇಕು. ಅಂದರೆ ಇವತ್ತಿನ ದಿನ ಪೆಟ್ರೋಲ್ ಆಯಿಲ್, ಡೀಸೆಲ್ ಆಯಿಲ್ ಎಂಬ ವಿಂಗಡಣೆಗಿಂತ ಕಾರಿನ ಆಯಿಲ್, ಲಾರಿ ಆಯಿಲ್ ಎಂಬ ವಿಂಗಡಣೆಯೇ ಹೆಚ್ಚು ಸರಿ. ಯುರೋಪಿನವರು 2004ರಲ್ಲೇ ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳ ದರ್ಜೆಗಳನ್ನು ಜೋಡಿಸಿ ಒಂದು ಮಾಡಿದರು, ಭಾರಿ ವಾಹನದ್ದನ್ನು ಬೇರೆಯಾಗಿಯೇ ಇಟ್ಟರು.

ಬ್ಯಾರಲ್ಲಿನಿಂದ ಮಗ್ಗಿನಲ್ಲಿ ಅಳೆದುಕೊಡುವ ಲೂಸ್ ಆಯಿಲ್ ಬಗ್ಗೆ ಒಂದೇ ಮಾತು: ಅದು ಯಾವ ದರ್ಜೆಯದ್ದು ಎಂಬ ಚರ್ಚೆಯೇ ವ್ಯರ್ಥ, ಆಯಿಲ್ ಹೌದೋ ಅಲ್ಲವೋ ಎಂಬುದೇ ಗ್ಯಾರಂಟಿಯಿಲ್ಲ. ಸರ್ವಿಸ್ ಮಾಡಿಸಿದ ಮೇಲೆ ಖಾಲಿ ಡಬ್ಬಿಯನ್ನು ಗ್ಯಾರೇಜಿನಲ್ಲಿ ಬಿಟ್ಟುಬರಬೇಡಿ, ಬಿಟ್ಟರೂ ಒಂದು ತೂತು ಮಾಡಿ ಬಿಡಿ. ನಕಲಿಯವರಿಗೆ ಬೇಕಾದ್ದು ಆ ಡಬ್ಬಿಯೇ.

ಹಾಗಾದರೆ ಹಾಕಬಹುದೇ, ಬೇಡವೇ? ಕನ್ವರ್ಟರ್ ಬರುವ ಮುಂಚಿನ ಅಂಬಾಸಿಡರ್, ಪದ್ಮಿನಿ ಇಟ್ಟುಕೊಂಡವರು ಧಾರಾಳವಾಗಿ ಹಾಕಿ; ಆ ಹಳೆಯ ಕ್ಯಾಮ್‌ಶಾಫ್ಟಿಗೆ ಲಾರಿ ಆಯಿಲ್‌ನ ಹೆಚ್ಚುವರಿ ಸತು, ರಂಜಕ ಒಳ್ಳೆಯದೇ, ಕೆಡಲು ಕನ್ವರ್ಟರೂ ಇಲ್ಲ. ಕೈಪಿಡಿಯಲ್ಲಿ 40ರ ಅಂಕಿಯನ್ನು ಒಪ್ಪಿರುವ, ವಾರಂಟಿ ಮುಗಿದ, ಆಯಿಲ್ ಕುಡಿಯದ ಹಳೆಯ ಪೆಟ್ರೋಲ್ ಕಾರಿಗೆ, ಬಕೆಟ್ಟಿನ ಹಿಂದೆ ಸಿ ಜೊತೆಗೆ ಎಸ್ ದರ್ಜೆಯೂ ಇದ್ದರೆ ನಡೆಯುತ್ತದೆ; ಆದರೆ ಮೂರು, ಮೂರೂವರೆ ಲೀಟರಿನಲ್ಲಿ ಉಳಿಯುವ ದುಡ್ಡು ಇಷ್ಟೆಲ್ಲ ಯೋಚನೆಗೆ ತಕ್ಕದ್ದಲ್ಲ ಎಂಬುದು ನನ್ನ ಅಭಿಪ್ರಾಯ. ಕೈಪಿಡಿಯಲ್ಲಿ 0ಡಬ್ಲ್ಯು-20, 5ಡಬ್ಲ್ಯು-30 ಎಂದಿರುವ ಬಿಎಸ್-6 ಕಾರಿಗೆ, ಟರ್ಬೊ ಪೆಟ್ರೋಲಿಗೆ, ಸಿಎನ್‌ಜಿ ಟ್ಯಾಕ್ಸಿಗೆ ಬೇಡ. ಒಂದೇ ಒಂದು ವಿನಾಯಿತಿ ಇದೆ. ರಾತ್ರಿ ಹೊತ್ತು ಚಿಕ್ಕಬಳ್ಳಾಪುರದ ದಾರಿಯಲ್ಲಿ ಆಯಿಲ್ ದೀಪ ಹತ್ತಿ, ಡಿಪ್‌ಸ್ಟಿಕ್ಕಿನ ಕೆಳಗೆರೆಗೂ ಆಯಿಲ್ ತಾಗದೆ, ಬಂಕಿನಲ್ಲಿ ಲಾರಿ ಆಯಿಲ್ ಬಿಟ್ಟು ಬೇರೇನೂ ಸಿಗದಿದ್ದರೆ, ಎರಡನೆಯ ಯೋಚನೆ ಮಾಡದೆ ಅದನ್ನೇ ಮೇಲ್ಗೆರೆಯವರೆಗೆ ಸುರಿದುಕೊಂಡು ಊರು ಸೇರಿ, ಆ ವಾರದಲ್ಲೇ ಪೂರ್ತಿ ಬದಲಿಸಿ. ತಪ್ಪು ಆಯಿಲ್ ಹಾಕಿ ಸತ್ತ ಪೆಟ್ರೋಲ್ ಎಂಜಿನ್ ಅಪರೂಪ. ಆಯಿಲ್ ಇಲ್ಲದೆ ಓಡಿದ ಎಂಜಿನ್ ಬದುಕುವುದಿಲ್ಲ.